ಹೋದ ಪಿಡುಗಿನ ಪಾಠ, ಬರುವ ಪಿಡುಗಿನ ಪರೀಕ್ಷೆ

2003ರ ಫೆಬ್ರವರಿ 21ರಂದು ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ ವೈದ್ಯ ಲಿಯು ಜಿಯಾನ್‌ಲುನ್ ಒಂದು ಮದುವೆಗೆಂದು ಹಾಂಗ್‌ಕಾಂಗಿಗೆ ಬಂದು, ಮೆಟ್ರೊಪೋಲ್ ಹೋಟೆಲಿನ 9ನೇ ಮಹಡಿಯಲ್ಲಿ ಕೋಣೆ ಹಿಡಿದರು. ತಮ್ಮೂರಿನ ಆಸ್ಪತ್ರೆಯಲ್ಲಿ ಅವರು ಹೆಸರಿಲ್ಲದ ಒಂದು ನ್ಯುಮೋನಿಯಾಕ್ಕೆ ಚಿಕಿತ್ಸೆ ಕೊಡುತ್ತಿದ್ದರು. ಹೋಟೆಲಿನಲ್ಲಿ ಕಳೆದದ್ದು ಒಂದೇ ರಾತ್ರಿ. ಮರುದಿನ ತಾವೇ ಆಸ್ಪತ್ರೆ ಸೇರಿದರು, ಮತ್ತೆ ಮನೆಗೆ ಹೋಗಲಿಲ್ಲ. ಅಷ್ಟರಲ್ಲಿ ಆ ಹೋಟೆಲಿನ ಅತಿಥಿಗಳು ಹನೋಯ್, ಸಿಂಗಪುರ, ಟೊರೊಂಟೊ ವಿಮಾನ ಹತ್ತಿಯಾಗಿತ್ತು. ಸಾರ್ಸ್ ಜಗತ್ತಿಗೆ ಹರಡಿದ್ದು ಹೀಗೆ. ಕಾಯಿಲೆ ಬಿದ್ದವರು 8,098 ಮಂದಿ, ಸತ್ತವರು 774. ಆದರೆ ಅದೇ ಜುಲೈ 5ರ ಹೊತ್ತಿಗೆ ವಿಶ್ವ ಆರೋಗ್ಯ ಸಂಸ್ಥೆ ಅದರ ಸರಪಳಿ ಕಡಿದಿದೆಯೆಂದು ಸಾರಿತು. ಲಸಿಕೆ ಇರಲಿಲ್ಲ, ನಾಟುವ ಔಷಧಿಯೂ ಇರಲಿಲ್ಲ. ರೋಗಿಯನ್ನು ಬೇರೆ ಇರಿಸುವುದು, ಅವರ ಜೊತೆಗಿದ್ದವರನ್ನು ಹುಡುಕುವುದು, ಮುಖಗವಸು, ಕ್ವಾರಂಟೈನ್ ಎಂಬ ಹಳೆಯ ಉಪಾಯಗಳೇ ಸಾಕಾದವು.

ಇದಾಗಿ 17 ವರ್ಷಕ್ಕೆ, 2020ರ ಫೆಬ್ರವರಿ 29ರಂದು, ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ಸೌದಿ ಅರೇಬಿಯಾದಿಂದ ಹೈದರಾಬಾದ್ ವಿಮಾನ ನಿಲ್ದಾಣಕ್ಕೆ ಬಂದಿಳಿದರು. ಆಗ ಅವರಲ್ಲಿ ರೋಗದ ಯಾವ ಲಕ್ಷಣವೂ ಇರಲಿಲ್ಲ. ಊರು ಸೇರಿದರು. ವಾರದೊಳಗೆ ಜ್ವರ ಬಂತು, ಮಾರ್ಚ್ 10ರಂದು ತೀರಿಕೊಂಡರು. ಎರಡು ದಿನ ಬಿಟ್ಟು ಬಂದ ಪರೀಕ್ಷಾ ವರದಿ, ಅದು ಭಾರತದ ಮೊದಲ ಕೋವಿಡ್ ಸಾವೆಂದು ಖಚಿತಪಡಿಸಿತು. ಆ ದಿನಗಳಲ್ಲಿ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಹಣೆಗೆ ಥರ್ಮಲ್ ಸ್ಕ್ಯಾನರ್ ಹಿಡಿಯಲಾಗುತ್ತಿತ್ತು. ಅದು ಸಾರ್ಸ್ ಕಾಲದಲ್ಲಿ ಚಾಲ್ತಿಗೆ ಬಂದ ಉಪಾಯ. ಸಾರ್ಸ್‌ಗೆ ತಕ್ಕುದಾಗಿದ್ದ ಉಪಕರಣ, ಅದರ ದಾಯಾದಿ ವೈರಸ್ಸಿನ ಎದುರು ಕುರುಡಾಗಿತ್ತು.

ಎರಡೂ ಕೊರೊನಾ ವೈರಸ್‌ಗಳೇ. ಜೀನೋಮಿನಲ್ಲಿ ಐದರಲ್ಲಿ ನಾಲ್ಕು ಪಾಲು ಒಂದೇ. ಬೇರೆಯಾದದ್ದು ಹರಡುವ ಹೊತ್ತು. ಸಾರ್ಸ್ ಬಂದವರು ಅತಿ ಹೆಚ್ಚು ವೈರಸ್ ಚೆಲ್ಲುತ್ತಿದ್ದುದು ಕಾಯಿಲೆಯ ಎರಡನೇ ವಾರದಲ್ಲಿ. ಅಷ್ಟು ಹೊತ್ತಿಗೆ ಅವರು ಆಸ್ಪತ್ರೆಯ ಹಾಸಿಗೆಯಲ್ಲಿರುತ್ತಿದ್ದರು. ಕೋವಿಡ್ ಸೋಂಕಿತರು ಕೆಮ್ಮು ಶುರುವಾಗುವ ಒಂದೆರಡು ದಿನ ಮೊದಲೇ, ಅಂಗಡಿಗೆ ಹೋಗಿ, ಬಸ್ಸು ಹತ್ತಿ, ಮದುವೆಯೂಟ ಮಾಡುವಾಗಲೇ ಹರಡುತ್ತಿದ್ದರು. ಈ ಒಂದೆರಡು ದಿನದ ಅಂತರವೇ 774 ಸಾವಿಗೂ ಲಕ್ಷಗಟ್ಟಲೆ ಸಾವಿಗೂ ನಡುವಿನ ಅಂತರವಾಯಿತು.

ಪಿಡುಗುಗಳನ್ನು ಹೋಲಿಸುವಾಗ ಎಲ್ಲರೂ ಮೊದಲು ಎಣಿಸುವುದು ಹೆಣಗಳನ್ನು. ಯಾವುದು ದೊಡ್ಡದು, ಯಾವುದು ಘೋರ ಎಂಬ ಪಟ್ಟಿ ತಯಾರಾಗುತ್ತದೆ. ರೋಗ ತಡೆಯುವವರಿಗೆ ಆ ಪಟ್ಟಿಯಿಂದ ಹೆಚ್ಚಿನ ಉಪಯೋಗವಿಲ್ಲ. ಅವರಿಗೆ ಬೇಕಾದದ್ದು ಬೇರೆ ಪ್ರಶ್ನೆಗಳು: ವೈರಸ್ ಹರಡುವುದು ಲಕ್ಷಣ ಕಾಣುವ ಮೊದಲೋ ಆಮೇಲೋ? ಗಾಳಿಯಲ್ಲೋ, ಕೈಯಿಂದಲೋ, ರಕ್ತದಿಂದಲೋ? ಯಾರ ಮೇಲೆ ಎರಗುತ್ತದೆ? ಮನೆಬಾಗಿಲಿಗೆ ಹೋಗಿ ವಿಚಾರಿಸುವ ಜನ ಇದ್ದಾರೆಯೇ? ಕಳೆದ ಒಂದು ಶತಮಾನದ ಪಿಡುಗುಗಳನ್ನು ಈ ಪ್ರಶ್ನೆಗಳ ಮೂಲಕ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಪ್ರತಿ ಸಲವೂ ಸರ್ಕಾರಗಳು ಹಿಂದಿನ ಪಿಡುಗಿನ ಉತ್ತರವನ್ನು ಬಾಯಿಪಾಠ ಮಾಡಿಕೊಂಡು ಬಂದಿವೆ. ಪ್ರಶ್ನೆಪತ್ರಿಕೆ ಬದಲಾಗಿರುವುದು ತಿಳಿಯುವಷ್ಟರಲ್ಲಿ ತಿಂಗಳುಗಳು ಕಳೆದಿವೆ.

ಎಲ್ಲ ಹೋಲಿಕೆಗಳೂ ಹೊರಡುವುದು 1918ರ ಇನ್‌ಫ್ಲುಯೆಂಜಾದಿಂದ. ಜಗತ್ತಿನಲ್ಲಿ ಸುಮಾರು 5 ಕೋಟಿ ಜನ ಸತ್ತರೆಂಬುದು ಹೆಚ್ಚಾಗಿ ಒಪ್ಪಿರುವ ಅಂದಾಜು. ಭಾರತವೊಂದರಲ್ಲೇ 1.2 ಕೋಟಿಯಿಂದ 2 ಕೋಟಿ. ಅಂದರೆ ಆ ಪಿಡುಗಿನ ಅತಿ ದೊಡ್ಡ ಸ್ಮಶಾನ ಯುದ್ಧ ನಡೆದ ಯುರೋಪ್ ಅಲ್ಲ, ಭಾರತ. 1918ರ ಜೂನ್‌ನಲ್ಲಿ ಮುಂಬಯಿ ಬಂದರಿನಲ್ಲಿ ಕಾಣಿಸಿಕೊಂಡ ಜ್ವರ ಮೊದಲು ಅಷ್ಟೇನೂ ಕಾಡಲಿಲ್ಲ. ಸೆಪ್ಟೆಂಬರಿನಲ್ಲಿ ಬಂದ ಎರಡನೇ ಅಲೆ ರೈಲು ಹಳಿಗಳನ್ನು ಹಿಡಿದು ಒಳನಾಡಿಗೆ ನುಗ್ಗಿತು. ಆ ವರ್ಷ ಮುಂಗಾರು ಕೈಕೊಟ್ಟಿತ್ತು, ಧಾನ್ಯದ ಬೆಲೆ ಏರಿತ್ತು, ವೈದ್ಯರಲ್ಲಿ ಅನೇಕರು ಯುದ್ಧಕ್ಕೆ ಹೋಗಿದ್ದರು. 1911ರಿಂದ 1921ರ ದಶಕ ಭಾರತದ ಜನಗಣತಿಯ ಇತಿಹಾಸದಲ್ಲಿ ಜನಸಂಖ್ಯೆ ಇಳಿದ ಒಂದೇ ದಶಕವಾಗಿ ಉಳಿದಿದೆ. ಹಿಂದಿ ಕವಿ ಸೂರ್ಯಕಾಂತ ತ್ರಿಪಾಠಿ ನಿರಾಲಾ ಹೆಂಡತಿಯನ್ನೂ ಮನೆಯ ಹಲವರನ್ನೂ ಕಳೆದುಕೊಂಡದ್ದು ಆ ದಿನಗಳಲ್ಲೇ.

ವೈರಸ್ಸಿಗೆ ಜಾತಿ, ಬಣ್ಣ ಇಲ್ಲ ಎನ್ನುವ ಮಾತು ಪ್ರತಿ ಪಿಡುಗಿನಲ್ಲೂ ಕೇಳಿಬರುತ್ತದೆ. ಮುಂಬಯಿಯ ಲೆಕ್ಕ ಅದನ್ನು ಒಪ್ಪುವುದಿಲ್ಲ. ಅಲ್ಲಿ ಕೆಳಜಾತಿಗಳೆಂದು ಸರ್ಕಾರ ಬರೆದುಕೊಂಡ ಜನರಲ್ಲಿ ಸಾವಿರಕ್ಕೆ 61 ಮಂದಿ ಸತ್ತರೆ ಯುರೋಪಿಯನ್ನರಲ್ಲಿ ಸತ್ತವರು ಸಾವಿರಕ್ಕೆ 8. ವೈರಸ್ ಒಂದೇ, ಇಕ್ಕಟ್ಟಾದ ಚಾಳು, ಅರೆಹೊಟ್ಟೆ, ನೀರು ಕೊಡುವವರೂ ಇಲ್ಲದ ಮನೆ ಬೇರೆ. 2020ರಲ್ಲಿ ನಾಲ್ಕು ಗಂಟೆಯ ಮುನ್ಸೂಚನೆಯಲ್ಲಿ ಇಡೀ ದೇಶಕ್ಕೆ ಬೀಗ ಹಾಕಿದಾಗ ಈ ಹಳೆಯ ಲೆಕ್ಕ ಯಾರ ಮೇಜಿನ ಮೇಲಿತ್ತೋ ಗೊತ್ತಿಲ್ಲ. ಮೇ ತಿಂಗಳಲ್ಲಿ ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಗಂಟುಮೂಟೆ ಹೊತ್ತು ಉತ್ತರ ಕರ್ನಾಟಕದ ಬಸ್ಸಿಗೆ ಕಾದ ಕೂಲಿಕಾರರಿಗಂತೂ ಅದರ ಅರ್ಥ ಬಿಡಿಸಿ ಹೇಳಬೇಕಿರಲಿಲ್ಲ.

1918 ಕೊಟ್ಟ ಗಟ್ಟಿ ಪುರಾವೆ ಎಂದರೆ ಹೊತ್ತಿನದು. ಫಿಲಡೆಲ್ಫಿಯಾದಲ್ಲಿ ಸೆಪ್ಟೆಂಬರ್ 28ರಂದು ಯುದ್ಧಸಾಲದ ಪ್ರಚಾರಕ್ಕೆ ಮೆರವಣಿಗೆ ನಡೆಯಿತು, ಸುಮಾರು 2 ಲಕ್ಷ ಜನ ಸೇರಿದರು. ಮುಂದಿನ ಕೆಲವೇ ವಾರಗಳಲ್ಲಿ ಊರಿನಲ್ಲಿ 12,000ಕ್ಕೂ ಹೆಚ್ಚು ಹೆಣ ಬಿದ್ದವು. ಸೇಂಟ್ ಲೂಯಿಸ್‌ನ ಆರೋಗ್ಯಾಧಿಕಾರಿ ಮ್ಯಾಕ್ಸ್ ಸ್ಟಾರ್‌ಕ್ಲಾಫ್ ಮೊದಲ ರೋಗಿಗಳು ಸಿಕ್ಕ ಕೂಡಲೇ ಶಾಲೆ, ಚರ್ಚು, ನಾಟಕಶಾಲೆ ಮುಚ್ಚಿಸಿದರು. ಅಲ್ಲಿನ ಸಾವಿನ ಪ್ರಮಾಣ ಫಿಲಡೆಲ್ಫಿಯಾಕ್ಕಿಂತ ಬಹಳ ಕಡಿಮೆ ಇತ್ತು. 2007ರಲ್ಲಿ ಇತಿಹಾಸಕಾರ ಹೋವರ್ಡ್ ಮಾರ್ಕೆಲ್ ಮತ್ತು ಸಂಗಡಿಗರು ಅಮೆರಿಕದ 43 ನಗರಗಳ ದಾಖಲೆಗಳನ್ನು ಜಾಲಾಡಿ, ಬೇಗ ಶುರುಮಾಡಿದ, ಹೆಚ್ಚು ಕಾಲ ಬಿಗಿ ಹಿಡಿದ, ಹಲವು ಕ್ರಮಗಳನ್ನು ಒಟ್ಟಿಗೆ ತಂದ ಊರುಗಳಲ್ಲಿ ಸಾವು ಕಡಿಮೆಯಾಯಿತೆಂದು ತೋರಿಸಿದರು. ಸೇಂಟ್ ಲೂಯಿಸ್ ಕೂಡ ನವೆಂಬರಿನಲ್ಲಿ ಬಿಗಿ ಸಡಿಲಿಸಿದಾಗ ಸಾವು ಮತ್ತೆ ಏರಿತು ಎಂಬ ಭಾಗವನ್ನು ಜನ ಅಷ್ಟಾಗಿ ನೆನೆಯುವುದಿಲ್ಲ.

ಇದಕ್ಕಿಂತ ಕಣ್ಣಿಗೆ ಹೊಡೆಯುವ ಉದಾಹರಣೆ ಪೆಸಿಫಿಕ್ ಸಾಗರದ್ದು. 1918ರ ನವೆಂಬರ್ 7ರಂದು ಆಕ್ಲೆಂಡಿನಿಂದ ಬಂದ ತಲೂನೆ ಎಂಬ ಹಡಗು, ನ್ಯೂಜಿಲೆಂಡ್ ಆಳ್ವಿಕೆಯಲ್ಲಿದ್ದ ಪಶ್ಚಿಮ ಸಮೋವಾದ ಅಪಿಯಾ ಬಂದರಿನಲ್ಲಿ ಲಂಗರು ಹಾಕಿತು. ಹಡಗಿನಲ್ಲಿ ಜ್ವರಪೀಡಿತರಿದ್ದರೂ ತಡೆಯಲಿಲ್ಲ. ಸುಮಾರು 8,500 ಜನ, ಅಂದರೆ ದ್ವೀಪದ ಜನರಲ್ಲಿ ಐದರಲ್ಲೊಬ್ಬರು ಸತ್ತರು. ಕೂಗಳತೆಯಲ್ಲಿದೆ ಎನ್ನಬಹುದಾದ ಅಮೆರಿಕನ್ ಸಮೋವಾದ ಗವರ್ನರ್ ಜಾನ್ ಪೋಯರ್ ಬಂದರು ಮುಚ್ಚಿದರು. ಅಲ್ಲಿ ಒಂದೇ ಒಂದು ಇನ್‌ಫ್ಲುಯೆಂಜಾ ಸಾವು ದಾಖಲಾಗಲಿಲ್ಲ. 2002ರಲ್ಲಿ ನ್ಯೂಜಿಲೆಂಡಿನ ಪ್ರಧಾನಿ ಹೆಲೆನ್ ಕ್ಲಾರ್ಕ್ ಸಮೋವಾ ಜನರ ಕ್ಷಮೆ ಕೇಳಿದರು. 2020ರಲ್ಲಿ ನ್ಯೂಜಿಲೆಂಡ್ ಗಡಿ ಮುಚ್ಚಿ ಕೋವಿಡ್ ತಡೆದದ್ದನ್ನು ಜಗತ್ತು ಹೊಗಳಿತು. ಆದರೆ ಈ ಪಾಠ ದ್ವೀಪಗಳದ್ದು. ಕಾರವಾರಕ್ಕೂ ಗೋವಾಕ್ಕೂ, ಬೆಳಗಾವಿಗೂ ಕೊಲ್ಹಾಪುರಕ್ಕೂ ನಡುವೆ ದಿನವೂ ಓಡಾಡುವ ಜನರಿಗೆ ಕಡಲು ಅಡ್ಡ ಇಲ್ಲ.

1957 ಮತ್ತು 1968ರ ಫ್ಲೂ ಪಿಡುಗುಗಳನ್ನು ಜನ ಬಹುತೇಕ ಮರೆತಿದ್ದಾರೆ. ಒಂದೊಂದರಲ್ಲೂ ಜಗತ್ತಿನಾದ್ಯಂತ 10 ಲಕ್ಷದ ಆಸುಪಾಸು ಜನ ಸತ್ತರೂ. ಮೊದಲನೆಯದರಲ್ಲಿ ನೆನಪಿಡಬೇಕಾದವರು ಅಮೆರಿಕದ ವಿಜ್ಞಾನಿ ಮಾರಿಸ್ ಹಿಲ್ಲಮನ್. 1957ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗಿನ ಆಸ್ಪತ್ರೆಗಳ ಮುಂದೆ ಜ್ವರದ ಮಕ್ಕಳನ್ನು ಎತ್ತಿಕೊಂಡು ಸಾಲುಗಟ್ಟಿದ ತಾಯಂದಿರ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ, ಇದು ಹೊಸ ವೈರಸ್ಸೇ ಇರಬೇಕೆಂದು ಊಹಿಸಿ ಮಾದರಿ ತರಿಸಿಕೊಂಡರು. ಲಸಿಕೆ ಬೆಳೆಸಲು ಕೋಳಿಮೊಟ್ಟೆ ಬೇಕು; ಹುಂಜಗಳನ್ನು ಕೊಯ್ಯಬೇಡಿರೆಂದು ಸಾಕಣೆದಾರರಿಗೆ ಮೊದಲೇ ಹೇಳಿಸಿದರು. ಆ ಚಳಿಗಾಲದೊಳಗೆ ಅಮೆರಿಕದಲ್ಲಿ ಸುಮಾರು 4 ಕೋಟಿ ಡೋಸ್ ತಯಾರಾದವು. ಸಮಿತಿ ನೇಮಿಸಿ ವರದಿಗೆ ಕಾದಿದ್ದರೆ ಹುಂಜಗಳು ಸಾರಾಗುತ್ತಿದ್ದವು.

ಬೇಗ ಎದ್ದವರು ಯಾವಾಗಲೂ ಗೆಲ್ಲುತ್ತಾರೆಂದೇನೂ ಇಲ್ಲ. 1976ರ ಆರಂಭದಲ್ಲಿ ನ್ಯೂಜೆರ್ಸಿಯ ಫೋರ್ಟ್ ಡಿಕ್ಸ್ ಸೈನಿಕ ನೆಲೆಯಲ್ಲಿ ಹಂದಿಜ್ವರದಿಂದ ಒಬ್ಬ ಸೈನಿಕ ಸತ್ತ. ವೈರಸ್ 1918ರದನ್ನು ಹೋಲುವಂತಿತ್ತು. ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಇಡೀ ದೇಶಕ್ಕೆ ಲಸಿಕೆ ಹಾಕಿಸಲು ಹೊರಟರು, 4 ಕೋಟಿಗೂ ಹೆಚ್ಚು ಜನ ಹಾಕಿಸಿಕೊಂಡರು. ಪಿಡುಗು ಬರಲೇ ಇಲ್ಲ. ಬಂದದ್ದು ಲಸಿಕೆ ಪಡೆದ ಲಕ್ಷದಲ್ಲೊಬ್ಬರಿಗೆ ಗಿಯಾನ್-ಬಾರೆ ಎಂಬ ನರದೌರ್ಬಲ್ಯ. ಡಿಸೆಂಬರಿನಲ್ಲಿ ಅಭಿಯಾನ ನಿಂತಿತು. ಇಲ್ಲಿ ತಪ್ಪಾದದ್ದು ಲಸಿಕೆ ತಯಾರಿಸಿಟ್ಟುಕೊಂಡದ್ದರಲ್ಲಿ ಅಲ್ಲ. ವೈರಸ್ ನೆಲೆಯಿಂದ ಹೊರಗೆ ಹರಡುತ್ತಿದೆಯೇ ಎಂದು ನೋಡದೆ ಚುಚ್ಚಲು ಶುರುಮಾಡಿದ್ದರಲ್ಲಿ. ತಯಾರಿ ಒಂದು ನಿರ್ಧಾರ, ಬಳಕೆ ಇನ್ನೊಂದು. 1918ರ ಭೂತ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿತು.

ಫ್ಲೂಗಳ ಪಟ್ಟಿ ಮಾಡುವವರು ಸಾಮಾನ್ಯವಾಗಿ ಎಚ್‌ಐವಿಯನ್ನು ಬಿಟ್ಟುಬಿಡುತ್ತಾರೆ. 4 ಕೋಟಿಗೂ ಹೆಚ್ಚು ಜನರನ್ನು ಕೊಂದ, ಇನ್ನೂ ಮುಗಿಯದ ಈ ಪಿಡುಗಿನಿಂದ ಕಲಿಯಬೇಕಾದದ್ದು ಬೇರೆ ಯಾವುದಕ್ಕಿಂತ ಹೆಚ್ಚಿದೆ. ಲಕ್ಷಣವಿಲ್ಲದವರಿಂದ ಸೋಂಕು ಹರಡುತ್ತದೆ ಎಂದು 2020ರಲ್ಲಿ ಜಗತ್ತು ಬೆಚ್ಚಿಬಿದ್ದಿತು. ಎಚ್‌ಐವಿ ಹರಡಿದ್ದೇ ಹಾಗೆ; ಅದೂ ದಿನಗಳಲ್ಲ, ವರ್ಷಗಟ್ಟಲೆ. 1986ರಲ್ಲಿ ಚೆನ್ನೈಯಲ್ಲಿ ಡಾ. ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ಸೆಲ್ಲಪ್ಪನ್ ನಿರ್ಮಲಾ ಎಂಬ ವಿದ್ಯಾರ್ಥಿನಿ ಲೈಂಗಿಕ ಕಾರ್ಯಕರ್ತೆಯರ ರಕ್ತದ ಮಾದರಿಗಳನ್ನು ಸಂಗ್ರಹಿಸಿ ವೆಲ್ಲೂರಿಗೆ ಒಯ್ದು ಪರೀಕ್ಷಿಸಿದಾಗ ಭಾರತದಲ್ಲಿ ಎಚ್‌ಐವಿ ಇರುವುದು ಮೊದಲ ಸಲ ಗೊತ್ತಾಯಿತು. ನಮ್ಮಲ್ಲಿ ಅಂಥ ರೋಗ ಬರುವುದಿಲ್ಲವೆಂದು ನಂಬಿದ್ದ ಕಾಲ ಅದು.

ಮುಂದೆ ಭಾರತದಲ್ಲಿ ಕೋಟಿಗಟ್ಟಲೆ ಜನ ಸಾಯುತ್ತಾರೆಂಬ ಭವಿಷ್ಯವಾಣಿಗಳು ಬಂದವು. ಹಾಗಾಗಲಿಲ್ಲ. ಕರ್ನಾಟಕವೂ ಸೇರಿದಂತೆ ದಕ್ಷಿಣದ ರಾಜ್ಯಗಳಲ್ಲಿ 2000ದಿಂದ 2004ರ ನಡುವೆ ಕಿರಿಯ ಗರ್ಭಿಣಿಯರಲ್ಲಿ ಸೋಂಕಿನ ಪ್ರಮಾಣ ಮೂರನೇ ಒಂದಕ್ಕಿಂತ ಹೆಚ್ಚು ಇಳಿಯಿತು. ಅಪಾಯದ ಅಂಚಿನಲ್ಲಿದ್ದವರನ್ನು ಪೊಲೀಸರ ಮೂಲಕ ಹುಡುಕುವ ಬದಲು ಅವರನ್ನೇ ಕೆಲಸಕ್ಕೆ ಜೊತೆ ಮಾಡಿಕೊಂಡದ್ದು ಆ ವರ್ಷಗಳ ದೊಡ್ಡ ಕಲಿಕೆ. ಮೈಸೂರಿನಲ್ಲಿ ಲೈಂಗಿಕ ಕಾರ್ಯಕರ್ತೆಯರೇ ಕಟ್ಟಿದ ಆಶೋದಯ ಸಮಿತಿ ಕಾಂಡೋಮ್ ಹಂಚಿಕೆ, ತಪಾಸಣೆ, ಪೊಲೀಸ್ ಕಿರುಕುಳದ ವಿರುದ್ಧದ ದನಿ ಎಲ್ಲವನ್ನೂ ಒಟ್ಟಿಗೆ ನಡೆಸಿ ಹೊರದೇಶದವರಿಗೂ ಮಾದರಿಯಾಯಿತು. ಇತ್ತ 2001ರಲ್ಲಿ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಮೂರು ಔಷಧಿಗಳ ಒಂದು ವರ್ಷದ ಚಿಕಿತ್ಸೆಯನ್ನು 350 ಡಾಲರಿಗೆ ಕೊಡುತ್ತೇವೆಂದರು; ಆಗ ಅದರ ಬೆಲೆ 10,000 ಡಾಲರ್ ದಾಟುತ್ತಿತ್ತು. ಆಫ್ರಿಕಾದ ಲಕ್ಷಾಂತರ ಮನೆಗಳಲ್ಲಿ ತಾಯಿತಂದೆ ಬದುಕುಳಿದದ್ದಕ್ಕೆ ವಿಜ್ಞಾನದಷ್ಟೇ ಈ ಬೆಲೆಪಟ್ಟಿಯೂ ಕಾರಣ.

ಕೋವಿಡ್ ಕಾಲದಲ್ಲಿ ಈ ಕಲಿಕೆ ಎಷ್ಟು ಕೈಗೆ ಬಂತು? ಹೊರದೇಶದಿಂದ ಬಂದವರ ಕೈಗೆ ಶಾಯಿಯ ಮುದ್ರೆ, ಮನೆಬಾಗಿಲಿಗೆ ಭಿತ್ತಿಪತ್ರ, ವಾಟ್ಸ್ಆ್ಯಪ್‌ನಲ್ಲಿ ಕ್ವಾರಂಟೈನ್ ಆದವರ ವಿಳಾಸದ ಪಟ್ಟಿ. ಗುರುತು ಹಚ್ಚಿ ಮೂಲೆಗುಂಪು ಮಾಡಿದರೆ ಜನ ಪರೀಕ್ಷೆಯಿಂದ ತಪ್ಪಿಸಿಕೊಳ್ಳುತ್ತಾರೆಂದು ಎಚ್‌ಐವಿ ಕಾರ್ಯಕರ್ತರು ಇಪ್ಪತ್ತು ವರ್ಷದಿಂದ ಹೇಳುತ್ತ ಬಂದಿದ್ದರು. ಅದೇ ಆರೋಗ್ಯ ಇಲಾಖೆಯ ಇನ್ನೊಂದು ಕೋಣೆಯಲ್ಲಿ ಕುಳಿತವರಿಗೆ ಅದು ಕೇಳಿಸಿರಲಿಲ್ಲ.

ಕೋವಿಡ್ ಬಂದಾಗ ಸರ್ಕಾರಗಳ ಕೈಯಲ್ಲಿದ್ದ ಯೋಜನೆಗಳು ಫ್ಲೂಗೆಂದು ಬರೆದಂಥವು. ಅದರ ಬೆಲೆಯನ್ನು ಹೆಚ್ಚು ತೆತ್ತವರು ಮಕ್ಕಳು. ಫ್ಲೂ ಶಾಲೆಯಲ್ಲಿ ಬೇಗ ಹಬ್ಬುತ್ತದೆ, ಮಕ್ಕಳಿಂದ ಮನೆಗೆ ಬರುತ್ತದೆ. ಆದ್ದರಿಂದ ಶಾಲೆ ಮುಚ್ಚುವುದು ಮೊದಲ ಹೆಜ್ಜೆ. ಕೋವಿಡ್ ಮಕ್ಕಳನ್ನು ಅಷ್ಟಾಗಿ ಬಾಧಿಸುವುದಿಲ್ಲ ಎಂಬುದು 2020ರ ಮಧ್ಯದ ಹೊತ್ತಿಗೇ ತಿಳಿದಿತ್ತು. ಆದರೂ ಬಾರು, ಮಾಲು ತೆರೆದ ಮೇಲೂ ಕರ್ನಾಟಕದ ಒಂದರಿಂದ ಐದನೇ ತರಗತಿಗಳ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ನಡುವೆ ಗುಡಿಯ ಜಗಲಿಯಲ್ಲಿ, ಮರದ ನೆರಳಲ್ಲಿ ಪಾಠ ಹೇಳುವ ವಿದ್ಯಾಗಮ ಬಂತು. ಬಯಲಲ್ಲಿ ಸೋಂಕು ಕಡಿಮೆ ಎಂಬ ದೃಷ್ಟಿಯಿಂದ ನೋಡಿದರೆ ಆ ಕಾಲದ ಒಳ್ಳೆಯ ಆಲೋಚನೆಗಳಲ್ಲಿ ಅದೊಂದು. ಕೆಲವೇ ತಿಂಗಳಲ್ಲಿ ಅದನ್ನೂ ನಿಲ್ಲಿಸಲಾಯಿತು. ಕರ್ನಾಟಕವೂ ಸೇರಿ ಐದು ರಾಜ್ಯಗಳ ಮಕ್ಕಳನ್ನು ಪರೀಕ್ಷಿಸಿದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ 2021ರ ಅಧ್ಯಯನದಲ್ಲಿ ಶೇಕಡ 92 ಮಕ್ಕಳು ಭಾಷೆಯಲ್ಲಿ ಹಿಂದಿನ ವರ್ಷ ಬರುತ್ತಿದ್ದ ಕನಿಷ್ಠ ಒಂದು ಸಾಮರ್ಥ್ಯವನ್ನು ಕಳೆದುಕೊಂಡಿದ್ದರು.

ಗಾಳಿಯ ವಿಚಾರದಲ್ಲೂ ಹೀಗೇ ಆಯಿತು. 2020ರ ಮಾರ್ಚ್ 28ರಂದು ವಿಶ್ವ ಆರೋಗ್ಯ ಸಂಸ್ಥೆ, ಕೋವಿಡ್ ಗಾಳಿಯಲ್ಲಿ ಹರಡುವುದಿಲ್ಲವೆಂದು ಖಡಾಖಂಡಿತವಾಗಿ ಸಾರಿತು. ಅದಕ್ಕೆ ಎರಡೂವರೆ ವಾರ ಮೊದಲು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಎಂಬಲ್ಲಿ ಹಾಡಿನ ಅಭ್ಯಾಸಕ್ಕೆ ಸೇರಿದ್ದ 61 ಜನರಲ್ಲಿ 53 ಮಂದಿಗೆ ಕಾಯಿಲೆ ಬಂದಿತ್ತು. ಜುಲೈನಲ್ಲಿ ಲಿಡಿಯಾ ಮೊರಾವ್‌ಸ್ಕಾ ಮತ್ತಿತರರ ನೇತೃತ್ವದಲ್ಲಿ 239 ವಿಜ್ಞಾನಿಗಳು ಬಹಿರಂಗ ಪತ್ರ ಬರೆದರು. ಸಂಸ್ಥೆ ತನ್ನ ಮಾತು ಪೂರ್ತಿ ಬದಲಿಸಲು 2021ರವರೆಗೆ ಸಮಯ ತೆಗೆದುಕೊಂಡಿತು. ಅಷ್ಟರಲ್ಲಿ ನಮ್ಮ ಊರುಗಳಲ್ಲಿ ರಸ್ತೆಗೆ ಹೈಪೊಕ್ಲೋರೈಟ್ ಸಿಂಪಡಿಸಿದ್ದೇ ಸಿಂಪಡಿಸಿದ್ದು, ತರಕಾರಿ ತೊಳೆದದ್ದೇ ತೊಳೆದದ್ದು. ಕಿಟಕಿ ತೆರೆಯಿರಿ ಎಂಬ ಖರ್ಚಿಲ್ಲದ ಸಲಹೆ ಕೊನೆಗೆ ಬಂತು. ಸಾರ್ಸ್‌ನಲ್ಲಿ 44 ಜನರನ್ನು ಕಳೆದುಕೊಂಡಿದ್ದ ಕೆನಡಾದಲ್ಲಿ ನ್ಯಾಯಮೂರ್ತಿ ಆರ್ಚಿ ಕ್ಯಾಂಪ್‌ಬೆಲ್ ಆಯೋಗವು, ವಿಜ್ಞಾನ ಪೂರ್ತಿ ಖಚಿತವಾಗುವವರೆಗೆ ಕಾಯದೆ ಆರೋಗ್ಯ ಸಿಬ್ಬಂದಿಗೆ ರಕ್ಷಣೆ ಕೊಡಿ ಎಂದು ಬರೆದು ಹತ್ತು ವರ್ಷಕ್ಕೂ ಹೆಚ್ಚಾಗಿತ್ತು. ಸಾರ್ಸ್‌ನಿಂದ ಎರವಲು ಪಡೆಯಬೇಕಾದದ್ದು ಇದನ್ನು. ಪಡೆದದ್ದು ಥರ್ಮಲ್ ಸ್ಕ್ಯಾನರ್.

ಎಲ್ಲ ಪಿಡುಗುಗಳಲ್ಲೂ ಬದಲಾಗದೆ ಉಳಿದ ಒಂದೆರಡು ಸಂಗತಿಗಳಿವೆ. ಸುದ್ದಿ ಮುಚ್ಚಿಡುವುದು ಅವುಗಳಲ್ಲಿ ಮೊದಲನೆಯದು. 1918ರಲ್ಲಿ ಯುದ್ಧನಿರತ ದೇಶಗಳು ಪತ್ರಿಕೆಗಳ ಬಾಯಿ ಕಟ್ಟಿದವು. 2003ರಲ್ಲಿ ಬೀಜಿಂಗ್ ಸಾರ್ಸ್ ರೋಗಿಗಳ ಲೆಕ್ಕ ಬಚ್ಚಿಟ್ಟದ್ದನ್ನು ಸೇನಾ ವೈದ್ಯ ಜಿಯಾಂಗ್ ಯಾನ್‌ಯೋಂಗ್ ಬಯಲುಮಾಡಬೇಕಾಯಿತು. 2020ರ ಜನವರಿಯಲ್ಲಿ ವುಹಾನಿನ ಕಣ್ಣಿನ ವೈದ್ಯ ಲಿ ವೆನ್‌ಲಿಯಾಂಗ್ ಅವರನ್ನು ಪೊಲೀಸರು ಕರೆದು ಗದರಿಸಿದರು. ಫೆಬ್ರವರಿ 7ರಂದು ಅದೇ ರೋಗಕ್ಕೆ ಅವರು ಬಲಿಯಾದರು. ಗೆದ್ದೆವೆಂದು ಬೇಗ ಹೇಳಿಕೊಳ್ಳುವುದೂ ಮುಚ್ಚಿಡುವುದರ ಇನ್ನೊಂದು ಬಗೆ. ಕರ್ನಾಟಕದಲ್ಲಿ ಡಾ. ಎಂ.ಕೆ. ಸುದರ್ಶನ್ ಅಧ್ಯಕ್ಷತೆಯ ತಾಂತ್ರಿಕ ಸಲಹಾ ಸಮಿತಿ ಎರಡನೇ ಅಲೆಯ ಬಗ್ಗೆ 2020ರ ಕೊನೆಯಲ್ಲೇ ಎಚ್ಚರಿಸಿತ್ತು. 2021ರ ಮಾರ್ಚ್‌ನಲ್ಲಿ ಆಗಿನ ಕೇಂದ್ರ ಆರೋಗ್ಯ ಸಚಿವ ಹರ್ಷವರ್ಧನ್, ಪಿಡುಗು ಕೊನೆಯ ಘಟ್ಟದಲ್ಲಿದೆ ಎಂದರು. ಮೇ 2ರ ರಾತ್ರಿಯಿಂದ ಮರುದಿನದ ಬೆಳಗಿನೊಳಗೆ ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ 24 ರೋಗಿಗಳು ಸತ್ತರು. ಆಮ್ಲಜನಕದ ಕೊರತೆಯನ್ನು ಹೈಕೋರ್ಟ್ ನೇಮಿಸಿದ ಸಮಿತಿ ದಾಖಲಿಸಿತು. 1918ರ ಎರಡನೇ ಅಲೆ ಮೊದಲನೆಯದಕ್ಕಿಂತ ಎಷ್ಟು ಕ್ರೂರವಾಗಿತ್ತೆಂದು ಒಂದು ವರ್ಷದಿಂದ ಪತ್ರಿಕೆಗಳು ಬರೆಯುತ್ತಲೇ ಇದ್ದವು. ಆ ಹೋಲಿಕೆ ನಿಜಕ್ಕೂ ಕೆಲಸಕ್ಕೆ ಬರುವಂಥದಾಗಿತ್ತು.

ಸತ್ತವರೆಷ್ಟು ಎಂಬುದೇ ಜಗಳವಾಗಿ ಉಳಿದಿದೆ. ಭಾರತದ ಅಧಿಕೃತ ಲೆಕ್ಕ 5.3 ಲಕ್ಷ. 2020 ಮತ್ತು 2021ರಲ್ಲಿ 47 ಲಕ್ಷ ಹೆಚ್ಚುವರಿ ಸಾವುಗಳಾಗಿವೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿತು. ಕೇಂದ್ರ ಸರ್ಕಾರ ಅದನ್ನು ಒಪ್ಪಲಿಲ್ಲ. ಹಳ್ಳಿಯ ಸಾವು ಕಾರಣಸಹಿತ ದಾಖಲಾಗದ ದೇಶದಲ್ಲಿ ಮುಂದಿನ ಪಿಡುಗಿನ ಲೆಕ್ಕವೂ ಅಂದಾಜೇ ಆಗಿರುತ್ತದೆ.

ಎರಡನೆಯ ಬದಲಾಗದ ಸಂಗತಿ, ಬಾಗಿಲು ತಟ್ಟುವವರು. 2018ರ ಮೇ ತಿಂಗಳಲ್ಲಿ ಕೇರಳದ ಕೋಯಿಕ್ಕೋಡಿನಲ್ಲಿ ಒಂದೇ ಮನೆಯವರು ಒಬ್ಬರಾದ ಮೇಲೊಬ್ಬರು ಮೆದುಳುಜ್ವರದಿಂದ ಕಾಯಿಲೆ ಬಿದ್ದಾಗ, ಅಲ್ಲಿನ ವೈದ್ಯರು ಅನುಮಾನಗೊಂಡು ಮಾದರಿಗಳನ್ನು ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರಕ್ಕೆ ಕಳಿಸಿದರು. ಡಾ. ಜಿ. ಅರುಣ್‌ಕುಮಾರ್ ಅವರ ತಂಡ ಅದು ನಿಪಾ ಎಂದು ಗುರುತಿಸಿತು. 23 ರೋಗಿಗಳಲ್ಲಿ 21 ಜನ ಸತ್ತರು. ಅವರಲ್ಲಿ ಪೇರಾಂಬ್ರದ ನರ್ಸ್ ಲಿನಿ ಒಬ್ಬರು. ರೋಗ ಅಲ್ಲಿಗೇ ನಿಂತಿತು. ಸಂಪರ್ಕಕ್ಕೆ ಬಂದ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಹುಡುಕಿ ನಿಗಾ ಇಟ್ಟದ್ದರಿಂದ ಅದು ಸಾಧ್ಯವಾಯಿತು. ನಿಪಾ ಸಾರ್ಸ್‌ನಂತೆ ಕಾಯಿಲೆ ಜೋರಾದ ಮೇಲೆ ಹರಡುವ ವೈರಸ್. ಹಳೆಯ ಉತ್ತರ ಇಲ್ಲಿ ಸರಿಹೊಂದಿತು. ಕೋವಿಡ್‌ನ ಮೊದಲ ತಿಂಗಳುಗಳಲ್ಲಿ ಕರ್ನಾಟಕದ ಸಂಪರ್ಕ ಪತ್ತೆ ಕೆಲಸವನ್ನು ಕೇಂದ್ರ ಹೊಗಳಿತು. 2020ರ ಜುಲೈನಲ್ಲಿ ಸೋಂಕು ಏರಿದಾಗ ಅದೇ ವ್ಯವಸ್ಥೆ ಕುಸಿಯಿತು. ಅದೇ ಜುಲೈನಲ್ಲಿ, ಬೀದಿಬೀದಿ ಸುತ್ತಿ ಪಟ್ಟಿ ಮಾಡುತ್ತಿದ್ದ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಮತ್ತು ಸುರಕ್ಷಾ ಸಾಧನ ಕೊಡಿರೆಂದು ಮುಷ್ಕರ ಹೂಡಿದ್ದರು.

ಲಸಿಕೆಯ ಕಥೆಯಲ್ಲಿ ಪ್ರಗತಿಯೂ ಇದೆ, ಹಳೆಯ ಚಾಳಿಯೂ ಇದೆ. 2020ರ ಜನವರಿಯಲ್ಲಿ ವೈರಸ್ಸಿನ ಜೀನೋಮ್ ಪ್ರಕಟವಾದ ಎರಡು ತಿಂಗಳಲ್ಲಿ ಎಂಆರ್‌ಎನ್‌ಎ ಲಸಿಕೆಯ ಮೊದಲ ಪ್ರಯೋಗ ಮನುಷ್ಯರ ಮೇಲೆ ನಡೆಯಿತು. ಹಿಲ್ಲಮನ್ ಕೂಡ ಬೆರಗಾಗುತ್ತಿದ್ದ ವೇಗ. ಆದರೆ 2009ರ ಎಚ್1ಎನ್1 ಪಿಡುಗಿನಲ್ಲಿ ಶ್ರೀಮಂತ ದೇಶಗಳು ಮುಂಗಡ ಕೊಟ್ಟು ಲಸಿಕೆ ಕಾದಿರಿಸಿಕೊಂಡಂತೆಯೇ 2021ರಲ್ಲೂ ಮಾಡಿಕೊಂಡವು. ಪೇಟೆಂಟ್ ಬಿಗಿ ಸಡಿಲಿಸಿರೆಂದು ಭಾರತ ಮತ್ತು ದಕ್ಷಿಣ ಆಫ್ರಿಕಾ 2020ರ ಅಕ್ಟೋಬರಿನಲ್ಲಿ ಇಟ್ಟ ಬೇಡಿಕೆಗೆ ವಿಶ್ವ ವ್ಯಾಪಾರ ಸಂಸ್ಥೆ ಸೊರಗಿದ ರೂಪದಲ್ಲಿ ಒಪ್ಪಿಗೆ ಕೊಟ್ಟದ್ದು 2022ರ ಜೂನ್‌ನಲ್ಲಿ. ಭಾರತವೂ ಎರಡನೇ ಅಲೆ ಬಡಿದಾಗ ರಫ್ತು ನಿಲ್ಲಿಸಿ, ಅದನ್ನೇ ನೆಚ್ಚಿದ್ದ ಆಫ್ರಿಕಾದ ದೇಶಗಳನ್ನು ಕೈಬಿಟ್ಟಿತು.

ಲಸಿಕೆಗೆ ಜನರ ಹಿಂಜರಿಕೆ ಎರಡು ಶತಮಾನದಷ್ಟು ಹಳೆಯದು, ಅದಕ್ಕೆ ಮದ್ದು ಕೂಡ. ಮೈಸೂರಿನ ರಾಣಿ ದೇವಾಜಮ್ಮಣ್ಣಿಯವರ 1805ರ ಒಂದು ವರ್ಣಚಿತ್ರವಿದೆ. ಅದರಲ್ಲಿ ಆಕೆ ಸೆರಗು ಸರಿಸಿ ತೋಳಿನತ್ತ ಕೈ ಮಾಡಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗ ತೋರಿಸಲು ಎಂಬುದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಅವರ ವಾದ. ಅದು ನಿಜವಾದರೆ, ಗಣ್ಯರು ತೋಳು ತೋರಿಸಿ ಫೋಟೊ ಹೊಡೆಸಿಕೊಳ್ಳುವ ಪದ್ಧತಿ ನಮ್ಮ ಅರಮನೆಯಿಂದಲೇ ಶುರುವಾಯಿತೆನ್ನಬೇಕು.

ಮುಂದಿನ ಪಿಡುಗು ಎಲ್ಲಿಂದ ಬರುತ್ತದೆ ಎಂಬುದಕ್ಕೆ ಮಲೆನಾಡಿನವರಿಗೆ ಯಾರೂ ಪಾಠ ಹೇಳಬೇಕಿಲ್ಲ. 1957ರಲ್ಲಿ, ಜಗತ್ತು ಏಷ್ಯನ್ ಫ್ಲೂನಿಂದ ನರಳುತ್ತಿದ್ದ ವರ್ಷವೇ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲ ಊರಿನವರು ಜ್ವರ ಬಂದು ಸತ್ತರು. ಹಳದಿ ಜ್ವರ ಭಾರತಕ್ಕೆ ಬಂತೇ ಎಂದು ಹೆದರಿದ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರಿಗೆ ಸಿಕ್ಕಿದ್ದು ಉಣುಗಿನಿಂದ ಹರಡುವ ಹೊಸ ವೈರಸ್. ಮನುಷ್ಯನಿಂದ ಮನುಷ್ಯನಿಗೆ ಹರಡದ ಕಾರಣ ಮಂಗನ ಕಾಯಿಲೆ ಜಗತ್ತನ್ನು ಸುತ್ತಲಿಲ್ಲ. ಅದೇ ಕಾರಣಕ್ಕೆ ಜಗತ್ತಿನ ಗಮನವೂ ಅದರ ಮೇಲೆ ಬೀಳಲಿಲ್ಲ: ದಶಕಗಳ ಕಾಲ ಚುಚ್ಚಿದ ಹಳೆಯ ಲಸಿಕೆ ಪರಿಣಾಮ ಕಳೆದುಕೊಂಡು 2022ರಲ್ಲಿ ನಿಂತುಹೋಯಿತು. ಸತ್ತ ಮಂಗ ಕಂಡರೆ ತಿಳಿಸಿರೆಂದು ಹಳ್ಳಿಯವರಿಗೆ ಹೇಳಿ, ಆ ಸುದ್ದಿಯ ಬೆನ್ನುಹತ್ತಿ ಉಣುಗಿನ ಪರೀಕ್ಷೆ ಮಾಡುವ ಮಲೆನಾಡಿನ ಕ್ರಮ, ಮನುಷ್ಯರಿಗೆ ರೋಗ ಬರುವ ಮೊದಲೇ ಪ್ರಾಣಿಗಳಲ್ಲಿ ಹುಡುಕುವ ಕೆಲಸ. ಹಕ್ಕಿಜ್ವರಕ್ಕೂ ಈಗ ಬೇಕಿರುವುದು ಅದೇ.

1997ರಲ್ಲಿ ಹಾಂಗ್‌ಕಾಂಗಿನಲ್ಲಿ 18 ಜನರಿಗೆ ತಗುಲಿ ಆರು ಮಂದಿಯನ್ನು ಕೊಂದ ಹಕ್ಕಿಜ್ವರದ ಎಚ್5ಎನ್1 ವೈರಸ್ 2024ರ ಮಾರ್ಚ್‌ನಲ್ಲಿ ಅಮೆರಿಕದ ಹೈನು ಹಸುಗಳಲ್ಲಿ ಸಿಕ್ಕಿತು. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳ ಕೋಳಿಗಳಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತು. ಆಂಧ್ರಪ್ರದೇಶದಲ್ಲಿ ಎರಡು ವರ್ಷದ ಮಗುವೊಂದು ಎಚ್5ಎನ್1ನಿಂದ ಸತ್ತಿತು. 2003ರಿಂದ ಜಗತ್ತಿನಲ್ಲಿ ಈ ಸೋಂಕು ದೃಢಪಟ್ಟ 950ಕ್ಕೂ ಹೆಚ್ಚು ಜನರಲ್ಲಿ ಅರ್ಧದಷ್ಟು ಮಂದಿ ಬದುಕಿಲ್ಲ. ಆದರೆ ಅಮೆರಿಕದ ಡೈರಿ ಕೆಲಸಗಾರರಲ್ಲಿ ಹೆಚ್ಚಿನವರಿಗೆ ಬಂದದ್ದು ಕಣ್ಣು ಕೆಂಪಾಗುವಷ್ಟರ ಕಾಯಿಲೆ. ಮನುಷ್ಯರಿಂದ ಮನುಷ್ಯರಿಗೆ ಸಲೀಸಾಗಿ ಹರಡುವ ಗುಣ ಅದಕ್ಕಿನ್ನೂ ಬಂದಿಲ್ಲ. ಬಂದರೆ ಲಕ್ಷಣಕ್ಕೆ ಮೊದಲೇ ಹರಡುವುದೋ, ಮುದುಕರ ಮೇಲೆ ಎರಗುವುದೋ, 1918ರಂತೆ 20ರಿಂದ 40ರ ಹರೆಯದವರ ಮೇಲೋ ಎಂಬುದನ್ನು ಮೊದಲ ನೂರಿನ್ನೂರು ರೋಗಿಗಳಿಂದ ಕಲಿಯಬೇಕಾಗುತ್ತದೆ. ಶಾಲೆ ಮುಚ್ಚಬೇಕೇ, ಲಸಿಕೆ ಯಾರಿಗೆ ಮೊದಲು, ಸ್ಕ್ಯಾನರ್ ಬೇಕೇ ಬೇಡವೇ ಎಂಬುದೆಲ್ಲ ಆಮೇಲಿನ ಮಾತು.

ಅದಕ್ಕೆ ಮೊದಲ ರೋಗಿಗಳ ಮಾದರಿ ದೇಶದ ಗಡಿ ದಾಟಿ ಬರಬೇಕು. 2007ರಲ್ಲಿ ಇಂಡೊನೇಷ್ಯಾದ ಆರೋಗ್ಯ ಸಚಿವೆ ಸಿತಿ ಫದೀಲಾ ಸುಪಾರಿ ಹಕ್ಕಿಜ್ವರದ ಮಾದರಿಗಳನ್ನು ಹೊರಗೆ ಕಳಿಸುವುದನ್ನು ನಿಲ್ಲಿಸಿದರು. ನಾವು ಕೊಟ್ಟ ವೈರಸ್ಸಿನಿಂದ ಕಂಪನಿಗಳು ಲಸಿಕೆ ಮಾಡುತ್ತವೆ, ಅದನ್ನು ಕೊಳ್ಳುವ ಶಕ್ತಿ ನಮಗಿಲ್ಲ ಎಂಬುದು ಅವರ ತಕರಾರಾಗಿತ್ತು. ಅದರ ಫಲವಾಗಿ 2011ರಲ್ಲಿ ಫ್ಲೂಗಷ್ಟೇ ಅನ್ವಯಿಸುವ ಒಂದು ಹಂಚಿಕೆ ಒಪ್ಪಂದವಾಯಿತು. 2025ರ ಮೇ 20ರಂದು ಜಿನೀವಾದಲ್ಲಿ ಎಲ್ಲ ಪಿಡುಗುಗಳಿಗೂ ಅನ್ವಯಿಸುವ ಒಪ್ಪಂದವನ್ನು ದೇಶಗಳು ಅಂಗೀಕರಿಸಿದವು. ವಿಶ್ವ ಆರೋಗ್ಯ ಸಂಸ್ಥೆಯಿಂದ ಹೊರನಡೆಯುವುದಾಗಿ ಸಾರಿದ್ದ ಅಮೆರಿಕ ಅದರಲ್ಲಿ ಸೇರಲಿಲ್ಲ. ಮಾದರಿ ಕೊಟ್ಟ ದೇಶಕ್ಕೆ ಲಸಿಕೆಯಲ್ಲಿ ಎಷ್ಟು ಪಾಲು, ಯಾವಾಗ, ಯಾವ ಬೆಲೆಗೆ ಎಂಬ ಅನುಬಂಧವನ್ನು ಆ ದಿನ ಬರೆಯಲಾಗಲಿಲ್ಲ. ಅದನ್ನು ಮುಂದಿನ ಚರ್ಚೆಗೆ ಬಿಟ್ಟು ಉಳಿದದ್ದಕ್ಕಷ್ಟೇ ಒಪ್ಪಿಗೆ ಕೊಟ್ಟರು.